ರಸ್ತೆ ದಾಟಿದರೆ ಬೇರೆ ಕಾನೂನು

ಲಾನಮನೆಕ್. ನಮ್ಮ ಕಿವಿಗೆ ಅದರೊಳಗೊಂದು ‘ಮನೆ’ ಕೇಳಿಸಿದರೂ ಇದು ವೆಲ್ಶ್ ಭಾಷೆಯ ಊರ ಹೆಸರು. ಮೊದಲ ಅಕ್ಷರ ನಮಗೆ ಸುಲಭಕ್ಕೆ ಬರುವುದಿಲ್ಲ. ‘ಲ’ ಎನ್ನುವಂತೆ ನಾಲಿಗೆ ಇಟ್ಟುಕೊಂಡು, ದನಿ ಹೊರಡಿಸದೆ, ಪಕ್ಕದಿಂದ ಬರೀ ಗಾಳಿ ಊದಬೇಕು. ಮಕ್ಕಳು ಎರಡು ಸಲಕ್ಕೆ ಕಲಿಯುತ್ತಾರೆ. ದೊಡ್ಡವರು ಎದುರಿನವರ ಮೇಲೆ ಎಂಜಲು ಹಾರಿಸುತ್ತಾರೆ.

ಬ್ರಿಟನ್ನಿನ ಓಸ್ವೆಸ್ಟ್ರಿ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು ಹತ್ತು ಕಿಲೋಮೀಟರ್ ಹೋದರೆ ಸಿಗುವ ಪುಟ್ಟ ಊರಿದು. ಎ483 ಎಂಬ ಹೆದ್ದಾರಿಯೇ ಊರಿನ ದೊಡ್ಡ ಬೀದಿ. ಹೆಚ್ಚುಕಡಿಮೆ ಈ ಬೀದಿಯ ಗುಂಟವೇ ಇಂಗ್ಲೆಂಡ್ ಮತ್ತು ವೇಲ್ಸ್‌ನ ಗಡಿ ಸಾಗುತ್ತದೆ. ಪೂರ್ವದ ಮನೆಗಳು ಇಂಗ್ಲೆಂಡಿನ ಶ್ರಾಪ್‌ಶೈರ್‌ಗೆ ಸೇರಿದವು, ಪಶ್ಚಿಮದವು ವೇಲ್ಸ್‌ನ ಪೊವಿಸ್‌ಗೆ. ಬೇಲಿಯಿಲ್ಲ, ಗೇಟಿಲ್ಲ, ಪೊಲೀಸರಿಲ್ಲ. ಊರ ಹಿಂದಿನ ಗುಡ್ಡದ ಮೇಲಿರುವ ಗಾಲ್ಫ್ ಮೈದಾನದಲ್ಲಿ ಹದಿನೆಂಟು ಕುಳಿಗಳಿದ್ದು, ಹದಿನೈದು ವೇಲ್ಸ್‌ನಲ್ಲಿ, ಮೂರು ಇಂಗ್ಲೆಂಡಿನಲ್ಲಿವೆ. ನಾಲ್ಕನೇ ಕುಳಿಗೆ ವೇಲ್ಸ್‌ನಲ್ಲಿ ನಿಂತು ಹೊಡೆದ ಚೆಂಡು ಇಂಗ್ಲೆಂಡಿನಲ್ಲಿ ಕುಳಿ ಸೇರುತ್ತದೆ.

ಗಡಿ ಕಾಣದಿದ್ದರೂ ಕೆಲಸವನ್ನಂತೂ ಮಾಡುತ್ತಲೇ ಇರುತ್ತದೆ. ವೈದ್ಯರು ಬರೆದುಕೊಟ್ಟ ಔಷಧ 2007ರಿಂದ ವೇಲ್ಸ್‌ನವರಿಗೆ ಪುಕ್ಕಟೆ, ಎದುರು ಮನೆಯ ಇಂಗ್ಲೆಂಡಿನವರಲ್ಲಿ ಹಲವರು ದುಡ್ಡು ಕೊಡಬೇಕು. ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ವೇಲ್ಸ್ 2011ರಲ್ಲೇ ಐದು ಪೆನ್ಸ್ ಶುಲ್ಕ ಹಾಕಿತು, ಇಂಗ್ಲೆಂಡಿಗೆ ಅದು ಬಂದದ್ದು 2015ರಲ್ಲಿ. 1881ರ ಒಂದು ಕಾಯ್ದೆಯಂತೆ ವೇಲ್ಸ್‌ನಲ್ಲಿ ಭಾನುವಾರ ಪಬ್ ತೆರೆಯುವಂತಿರಲಿಲ್ಲ. ಈ ಊರಿನಲ್ಲಿ ‘ಲಯನ್’ ಎಂಬ ಪಬ್ ಇತ್ತು, ಈಗ ಮುಚ್ಚಿದೆ. ಅದರ ಹೊಟ್ಟೆಯೊಳಗೇ ಗಡಿ ಹಾದುಹೋಗಿತ್ತು. ಒಂದೇ ಸೂರಿನಡಿ ಎರಡು ಕೋಣೆ ಇಂಗ್ಲೆಂಡಿನಲ್ಲಿ, ಒಂದು ವೇಲ್ಸ್‌ನಲ್ಲಿ. ಭಾನುವಾರ ವೇಲ್ಸ್ ಕೋಣೆಯಲ್ಲಿ ಕುಡಿಯುವುದು ಅಪರಾಧ, ನಾಲ್ಕು ಹೆಜ್ಜೆ ಆಚೆಗೆ ಸರಿದರೆ ಅಲ್ಲ!

ಪಬ್ ಎಂದಕೂಡಲೇ ನಮ್ಮಲ್ಲಿ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಬ್ರಿಟನ್ನಿನ ಹಳ್ಳಿಯ ಪಬ್ ನಮ್ಮೂರಿನ ಅರಳಿಕಟ್ಟೆ ಮತ್ತು ಖಾನಾವಳಿ ಎರಡೂ ಸೇರಿದಂಥ ಜಾಗ. ಭಾನುವಾರ ಮಧ್ಯಾಹ್ನ ಅಜ್ಜಿ, ಮೊಮ್ಮಕ್ಕಳ ಸಮೇತ ಊಟಕ್ಕೆ ಬರುತ್ತಾರೆ. ಅದು ಮುಚ್ಚಿದರೆ ಊರಿಗೆ ಊರೇ ಬಾಯಿ ಮುಚ್ಚಿದಂತೆ.

ಇಂಥ ಊರಿಗೆ ಕೊರೊನಾ ಬಂತು. ಬ್ರಿಟನ್ನಿನಲ್ಲಿ ಆರೋಗ್ಯ ಆಯಾ ಪ್ರಾಂತದ ಹೊಣೆ. ಹಾಗಾಗಿ ಬೀದಿಯ ಪೂರ್ವಕ್ಕೆ ಲಂಡನ್ನಿನ ಆದೇಶ, ಪಶ್ಚಿಮಕ್ಕೆ ಕಾರ್ಡಿಫ್‌ನದು. ವೇಲ್ಸ್‌ನಲ್ಲಿ ಒಂದು ವಿಶೇಷವಿತ್ತು. ಸರ್ಕಾರ ಪ್ರತಿ 21 ದಿನಕ್ಕೊಮ್ಮೆ ನಿರ್ಬಂಧಗಳನ್ನು ಮರುಪರಿಶೀಲಿಸಲೇಬೇಕೆಂದು ಕಾನೂನಿನಲ್ಲೇ ಬರೆದಿತ್ತು. ಮುಖ್ಯಮಂತ್ರಿ ಮಾರ್ಕ್ ಡ್ರೇಕ್‌ಫರ್ಡ್ ಮೂರು ವಾರಕ್ಕೊಮ್ಮೆ ಜನರೆದುರು ಬಂದು ಯಾವುದು ಉಳಿಯಿತು, ಯಾವುದು ಹೋಯಿತು ಎಂದು ಹೇಳಬೇಕಿತ್ತು. ಜನರ ಬಾಗಿಲು ಮುಚ್ಚಿಸಿದ ಸರ್ಕಾರ ಆಗಾಗ ಕಾರಣ ಕೊಡಬೇಕೆಂಬುದು ಒಳ್ಳೆಯ ನಿಯಮವೇ. ಆದರೆ ಅಡುಗೆಮನೆಯ ಲೆಕ್ಕ ಬೇರೆ. ಅಲ್ಲಿನ ಸಾಂಪ್ರದಾಯಿಕ ಬಿಯರಿನ ಪೀಪಾಯಿಯನ್ನು ಒಮ್ಮೆ ತೆರೆದರೆ ಮೂರು ದಿನದ ಸುಮಾರಿಗೆ ಮುಗಿಸಬೇಕು, ಇಲ್ಲವಾದರೆ ಚರಂಡಿಗೆ. ಮಾಂಸ, ತರಕಾರಿ, ಹಾಲು ಯಾವುದೂ ಮುಂದಿನ ಪರಿಶೀಲನೆಯವರೆಗೆ ಕಾಯುವುದಿಲ್ಲ.

2020ರ ಬೇಸಿಗೆಯಿಂದಲೇ ಬೀದಿಯ ಎರಡು ಬದಿ ಬೇರೆಬೇರೆ ಹೆಜ್ಜೆ ಹಾಕಿದವು. ಜುಲೈ 4ಕ್ಕೆ ಪೂರ್ವದ ಪಬ್‌ಗಳು ತೆರೆದವು. ಪಶ್ಚಿಮದವರು ಅಂಗಳದಲ್ಲಿ ಮೇಜು ಹಾಕಲು 13ರವರೆಗೆ, ಗಿರಾಕಿಗಳನ್ನು ಒಳಗೆ ಕೂರಿಸಲು ಆಗಸ್ಟ್ 3ರವರೆಗೆ ಕಾಯಬೇಕಾಯಿತು. ಜುಲೈ ತಿಂಗಳೆಂದರೆ ಅಲ್ಲಿ ಪ್ರವಾಸಿಗರ ಸುಗ್ಗಿ.

ಶರತ್ಕಾಲದಲ್ಲಿ ಅದೊಂದು ತೂಗುಹಲಗೆಯೇ ಆಯಿತು. ಅಕ್ಟೋಬರ್ 23ರ ಸಂಜೆ ಆರಕ್ಕೆ ವೇಲ್ಸ್ ಸರ್ಕಾರ ಎಲ್ಲ ಮುಚ್ಚಿಸಿತು. ಕಾಡಿನ ಬೆಂಕಿ ಹರಡದಂತೆ ನಡುವೆ ತೆರವು ಮಾಡುವ ಪಟ್ಟಿಯ ಹೆಸರನ್ನೇ ಅದಕ್ಕಿಟ್ಟು ‘ಫೈರ್‌ಬ್ರೇಕ್’ ಎಂದರು. ಆಗ ಪೂರ್ವದಲ್ಲಿ ರಾತ್ರಿ ಹತ್ತರವರೆಗೆ ದೀಪ ಉರಿಯುತ್ತಿತ್ತು. ನವೆಂಬರ್ 5ಕ್ಕೆ ಇಂಗ್ಲೆಂಡೂ ಮುಚ್ಚಿತು. ನಾಲ್ಕು ದಿನ ಇಡೀ ಬೀದಿ ಕತ್ತಲು. 9ಕ್ಕೆ ಪಶ್ಚಿಮ ತೆರೆಯಿತು. ಪೂರ್ವ ಡಿಸೆಂಬರ್ 2ರವರೆಗೆ ಮುಚ್ಚಿಯೇ ಇತ್ತು. ಆ ಮೂರು ವಾರ, ಎದುರು ಬದಿಯಲ್ಲಿ ಊಟದ ಪರಿಮಳ ಬರುತ್ತಿದ್ದರೂ ಪೂರ್ವದವರು ರಸ್ತೆ ದಾಟಿ ಹೋಗಿ ಉಣ್ಣುವಂತಿರಲಿಲ್ಲ. ತಲಪಾಡಿ ಕಡೆಯವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. 2020ರ ಮಾರ್ಚ್‌ನಲ್ಲಿ ಕೇರಳದ ಕಡೆಯ ರಸ್ತೆಗಳಿಗೆ ಮಣ್ಣು ಸುರಿದಾಗ, ದಿನವೂ ಮಂಗಳೂರಿನ ಆಸ್ಪತ್ರೆಗೆ ಬರುತ್ತಿದ್ದ ಕಾಸರಗೋಡಿನವರು ಆಚೆಯೇ ಉಳಿದರು. ಲಾನಮನೆಕ್‌ನಲ್ಲಿ ಮಣ್ಣು ಸುರಿಯಲಿಲ್ಲ, ಹೋದದ್ದು ವ್ಯಾಪಾರ ಎಂಬಷ್ಟೇ ವ್ಯತ್ಯಾಸ. ಅದು ಸಣ್ಣ ವ್ಯತ್ಯಾಸವಲ್ಲ ಬಿಡಿ.

ಡಿಸೆಂಬರ್ ಬಂತು. ಅಲ್ಲಿನ ಪಬ್‌ಗಳಿಗೆ ಇದು ನಮ್ಮ ಬಟ್ಟೆ ಅಂಗಡಿಗಳ ದೀಪಾವಳಿ ಇದ್ದಂತೆ. ಈ ತಿಂಗಳ ಗಳಿಕೆ ಜನವರಿ, ಫೆಬ್ರುವರಿಯ ಬಾಡಿಗೆ ಕಟ್ಟುತ್ತದೆ. ಕ್ರಿಸ್‌ಮಸ್ ಊಟದ ಬುಕಿಂಗ್ ಶುರುವಾಗಿತ್ತು. ನವೆಂಬರ್ 30ರ ಸೋಮವಾರ ಡ್ರೇಕ್‌ಫರ್ಡ್ ಪ್ರಕಟಿಸಿದರು: ಶುಕ್ರವಾರದಿಂದ ವೇಲ್ಸ್‌ನಲ್ಲೆಲ್ಲ ಪಬ್, ಹೋಟೆಲು ಸಂಜೆ ಆರಕ್ಕೆ ಬಂದ್, ಹಗಲಲ್ಲೂ ಮದ್ಯ ಬಡಿಸುವಂತಿಲ್ಲ. ಜೊತೆಗೆ 34 ಕೋಟಿ ಪೌಂಡ್‌ಗಳ ನೆರವು ಘೋಷಿಸಿದರು. ಕಾರ್ಡಿಫ್‌ನಲ್ಲಿ 1882ರಿಂದ ನಡೆದು ಬಂದ ಬ್ರೇನ್ಸ್ ಕಂಪನಿ, ಬರೀ ನಿಂಬೆ ಪಾನಕ ಮಾರಿಕೊಂಡು ಬಾಗಿಲು ತೆರೆದಿಡುವುದಕ್ಕಿಂತ ಮುಚ್ಚುವುದೇ ಲೇಸೆಂದು ತನ್ನ ನೂರಕ್ಕೂ ಹೆಚ್ಚು ಪಬ್‌ಗಳನ್ನು ಮುಚ್ಚಿತು. ಅದೇ ತಿಂಗಳು, ತನ್ನ 156 ಪಬ್‌ಗಳನ್ನು ನಡೆಸುವ ಹೊಣೆಯನ್ನು ಮಾರ್ಸ್‌ಟನ್ಸ್ ಎಂಬ ಇಂಗ್ಲೆಂಡಿನ ಕಂಪನಿಗೆ ಒಪ್ಪಿಸಲು ಮುಂದಾಯಿತು.

ಪೂರ್ವದ ಬದಿಯಲ್ಲಿ ಅದೇ ವಾರ ಬೇರೆ ನಾಟಕ. ಶ್ರಾಪ್‌ಶೈರ್ ಇದ್ದ ಎರಡನೇ ಹಂತದ ನಿಯಮದಂತೆ ಪಬ್ ರಾತ್ರಿ ಹನ್ನೊಂದರವರೆಗೆ ತೆರೆದಿರಬಹುದು, ಆದರೆ ‘ಗಣನೀಯ ಊಟ’ದ ಜೊತೆಗೆ ಮಾತ್ರ ಮದ್ಯ. ಗಣನೀಯ ಅಂದರೆ ಎಷ್ಟು? ಸ್ಕಾಚ್ ಎಗ್ ಸಾಕೇ ಎಂಬ ಪ್ರಶ್ನೆ ಎದ್ದಿತು. ಬೇಯಿಸಿದ ಮೊಟ್ಟೆಗೆ ಮಾಂಸದ ಹೂರಣ ಮೆತ್ತಿ ಕರಿದ ತಿಂಡಿ ಅದು, ನಮ್ಮ ಮೊಟ್ಟೆ ಬೋಂಡಾದ ದೂರದ ನೆಂಟ. ಸಚಿವ ಜಾರ್ಜ್ ಯೂಸ್ಟಿಸ್ ಸಾಕಾದೀತು ಎಂದರು. ಮೈಕಲ್ ಗೋವ್ ಮೊದಲು ಅದು ಊಟವಲ್ಲ, ಊಟಕ್ಕೆ ಮುಂಚಿನದು ಎಂದರು, ಆಮೇಲೆ ಊಟವೇ ಎಂದರು. ಒಂದು ದೇಶದ ಮಂತ್ರಿಗಳು ಮೊಟ್ಟೆಯ ಮೇಲೆ ಇಷ್ಟು ತಲೆ ಕೆಡಿಸಿಕೊಂಡದ್ದು ಅಪರೂಪ.

ನಗುವುದು ಸುಲಭ. ಆ ಡಿಸೆಂಬರಿನಲ್ಲಿ ದಕ್ಷಿಣ ವೇಲ್ಸ್‌ನ ಕಣಿವೆ ಊರುಗಳಲ್ಲಿ ಸೋಂಕು ಬ್ರಿಟನ್ನಿನಲ್ಲೇ ಅತಿ ಹೆಚ್ಚಿನ ಮಟ್ಟ ಮುಟ್ಟಿತ್ತು, ಆಸ್ಪತ್ರೆಗಳು ತುಂಬುತ್ತಿದ್ದವು. ಗಾಳಿಯಾಡದ ಕೋಣೆ, ಎತ್ತರದ ದನಿ, ಗಂಟೆಗಟ್ಟಲೆ ಮಾತು: ಸೋಂಕಿಗೆ ಬೇಕಾದದ್ದೆಲ್ಲ ಪಬ್‌ನಲ್ಲಿರುತ್ತದೆ. ಮುಚ್ಚಿಸಿದ್ದರಲ್ಲಿ ತರ್ಕವಿತ್ತು. ಆದರೆ ಕುರಿ ಮೇಯುವ ಬಯಲಿನ ಪೊವಿಸ್‌ನಲ್ಲಿ ಸೋಂಕು ಆ ಕಣಿವೆಗಳಷ್ಟು ಇರಲಿಲ್ಲ. ಕಾರ್ಡಿಫ್‌ನಿಂದ ನೋಡಿದರೆ ವೇಲ್ಸ್ ಇಡೀ ಒಂದೇ. ಈ ಬೀದಿಯಿಂದ ನೋಡಿದರೆ, ಎದುರಿನ ಪಬ್‌ಗೆ ಊಟದ ಜೊತೆಗಾದರೂ ಅನುಮತಿಯಿದೆ, ನಮಗೇಕಿಲ್ಲ? ಎರಡನೇ ಹಂತದ ಇಂಗ್ಲೆಂಡಿಗೆ ಹೋಗಬೇಡಿ ಎಂದು ವೇಲ್ಸ್ ಹೇಳಿರಲೂ ಇಲ್ಲ. ಈ ಸಲ ಗಿರಾಕಿ ರಸ್ತೆ ದಾಟಬಹುದಿತ್ತು, ಪಬ್ ದಾಟುವಂತಿರಲಿಲ್ಲ.

ಆ ಏರ್ಪಾಡೂ ಹೆಚ್ಚು ದಿನ ನಿಲ್ಲಲಿಲ್ಲ. ಡಿಸೆಂಬರ್ 19ರ ಶನಿವಾರ ಮಧ್ಯಾಹ್ನದ ಪ್ರಕಟಣೆ: ನಡುರಾತ್ರಿಯಿಂದ ವೇಲ್ಸ್ ಪೂರ್ತಿ ಬಂದ್. ಕೆಲವೇ ಗಂಟೆ! ಹೊಸ ತಳಿಯ ವೈರಸ್ ವೇಗವಾಗಿ ಹರಡುತ್ತಿತ್ತು, ಕಾಯುವಂತಿರಲಿಲ್ಲ, ನಿಜ. ಕ್ರಿಸ್‌ಮಸ್‌ಗೆಂದು ತರಿಸಿಟ್ಟ ಸಾಮಾನಿಗೆ ಈ ಕಾರಣ ಅರ್ಥವಾಗುವುದಿಲ್ಲವಲ್ಲ. ಕೆಲಸಗಾರರ ಸಂಬಳದ 80ರಷ್ಟು ಶೇಕಡಾವನ್ನು, ತಿಂಗಳಿಗೆ 2,500 ಪೌಂಡ್ ಮಿತಿಯೊಳಗೆ, ಸರ್ಕಾರವೇ ಕೊಡುವ ಯೋಜನೆ ಇದ್ದದ್ದರಿಂದ ಎಷ್ಟೋ ಅಡುಗೆಯವರ, ಬಡಿಸುವವರ ಕೆಲಸ ಉಳಿಯಿತು. ವರ್ಷದ ಕೊನೆಯ ದಿನ ಶ್ರಾಪ್‌ಶೈರ್ ಮೂರನೇ ಹಂತಕ್ಕೆ ಹೋಯಿತು, ಪೂರ್ವದಲ್ಲೂ ಪಾರ್ಸೆಲ್ ಮಾತ್ರ. ಹೊಸ ವರ್ಷದ ರಾತ್ರಿ ಬೀದಿಯ ಎರಡೂ ಬದಿ ಕೊನೆಗೂ ಒಂದೇ ರೀತಿ ಕಂಡವು, ಮುಚ್ಚಿಕೊಂಡು.

ಮರುವರ್ಷವೂ ತಾಳ ಪೂರ್ತಿ ಕೂಡಲಿಲ್ಲ. 2021ರಲ್ಲಿ ಅಂಗಳದ ಊಟ ಪೂರ್ವಕ್ಕೆ ಏಪ್ರಿಲ್ 12ಕ್ಕೆ, ಪಶ್ಚಿಮಕ್ಕೆ 26ಕ್ಕೆ ದಕ್ಕಿತು. ಒಳಗೆ ಕೂರಿಸುವ ಅನುಮತಿ ಮಾತ್ರ ಇಬ್ಬರಿಗೂ ಮೇ 17ರಂದೇ ಸಿಕ್ಕಿತು. ಒಮೈಕ್ರಾನ್ ಬಂದಾಗ ವೇಲ್ಸ್ ಡಿಸೆಂಬರ್ 26ರಿಂದ ಒಂದು ಮೇಜಿಗೆ ಆರೇ ಜನ ಎಂದಿತು, ಇಂಗ್ಲೆಂಡ್ ಪಬ್‌ಗಳಿಗೆ ಅಂಥ ಮಿತಿ ಹಾಕಲಿಲ್ಲ. 2022ರ ಜನವರಿ 28ಕ್ಕೆ ವೇಲ್ಸ್ ಅದನ್ನು ತೆಗೆಯಿತು. ಈ ತೀರ್ಮಾನಗಳು ಸರಿಯೋ ತಪ್ಪೋ ಎಂದು ಕೇಳಲು ಬ್ರಿಟನ್ನಿನ ಕೋವಿಡ್ ವಿಚಾರಣಾ ಆಯೋಗ 2024ರ ಆರಂಭದಲ್ಲಿ ಕಾರ್ಡಿಫ್‌ನಲ್ಲಿ ಕುಳಿತು, ಡ್ರೇಕ್‌ಫರ್ಡ್ ಅವರ ಸಾಕ್ಷ್ಯವನ್ನೂ ಕೇಳಿತು.

ಆ ಕಡೆ ಹೋಗುವವರು ಓಸ್ವೆಸ್ಟ್ರಿ ಅಥವಾ ವೆಲ್ಶ್‌ಪೂಲ್‌ನಿಂದ ಎ483 ಹಿಡಿಯಬೇಕು. ಊರಿನ ರೈಲು ನಿಲ್ದಾಣ 1965ರಲ್ಲೇ ಮುಚ್ಚಿತು. ಮಾಂಟ್‌ಗಾಮರಿ ಕಾಲುವೆಯ ದಂಡೆಯಲ್ಲಿ ಸ್ವಲ್ಪ ನಡೆದರೆ ಸುಣ್ಣದ ಕಲ್ಲು ಸುಡುತ್ತಿದ್ದ ಹಾಫ್‌ಮನ್ ಗೂಡು, ಅದರ ಎತ್ತರದ ಚಿಮಣಿ ಸಿಗುತ್ತದೆ. ಮಕ್ಕಳು ಅದರ ಒಳಗೆ ಕೂಗಿ ನೋಡದೆ ಬಿಡುವುದಿಲ್ಲ. ಗುಡ್ಡದ ಸುಣ್ಣಕಲ್ಲಿನ ಬಂಡೆಗಳನ್ನು ನೋಡಿ ಭೂವಿಜ್ಞಾನದ ಅಭ್ಯಾಸ ಮಾಡಲು 1831ರಲ್ಲಿ ತರುಣ ಚಾರ್ಲ್ಸ್ ಡಾರ್ವಿನ್ ಇಲ್ಲಿಗೆ ಬಂದಿದ್ದ, ಬೀಗಲ್ ಹಡಗು ಹತ್ತುವ ಕೆಲವೇ ತಿಂಗಳ ಮುಂಚೆ. ಗುಡ್ಡ ಇಳಿದು ಬರುವಾಗ ಹಸಿವಾಗುತ್ತದೆ. ಬೀದಿಯ ಯಾವ ಬದಿಯಲ್ಲಾದರೂ ಕುಳಿತುಕೊಳ್ಳಿ.