ಹಿತ್ತಲಿಲ್ಲದ ಊರಲ್ಲಿ ಕೋಳಿ

ಊರಿನಿಂದ ಭಾವನ ಫೋನು. ಭಾವ ಎಂದರೆ ಹೆಂಡತಿಯ ಅಣ್ಣ. ಕಾರ್ಕಳದ ಹತ್ತಿರ ತೋಟ, ಹಟ್ಟಿಯ ಬದಿಯಲ್ಲಿ ಇಪ್ಪತ್ತು ಊರಕೋಳಿ. ಹೀಗೆ ಸುಖವಾಗಿದ್ದವರು ಯಾರದೋ ಮಾತು ಕೇಳಿ ಮುಧೋಳದ ನಾಯಿಮರಿಯೊಂದನ್ನು ತಂದಿದ್ದಾರೆ. “ಮಾರಾಯ್ರೆ, ಇದು ಕೋಳಿಗಳನ್ನು ಬದುಕಲು ಬಿಟ್ಟೀತಾ? ಒಂದೇ ಮಾತಲ್ಲಿ ಹೇಳಿ.”

ಒಂದೇ ಮಾತಲ್ಲಿ ಹೇಳುವ ಜಾಯಮಾನ ನನ್ನದಲ್ಲವೆಂದು ಅವರಿಗೂ ಗೊತ್ತು. ಆದರೂ ನನ್ನನ್ನೇ ಕೇಳಲು ಕಾರಣವುಂಟು. ನಮ್ಮ ನೆಂಟರಲ್ಲಿ ಮುಂಬಯಿಗೆ ಬಂದು ಹೋಟೆಲು ಮಾಡಿದವರಿದ್ದಾರೆ, ಫ್ಲ್ಯಾಟು ಮಾಡಿದವರಿದ್ದಾರೆ. ದಹಿಸರ್‌ನಲ್ಲಿ ಕೂತು ನಾಯಿ ಮತ್ತು ಕೋಳಿ ಎರಡನ್ನೂ ಒಟ್ಟಿಗೆ ಸಾಕಿದ ಪುಣ್ಯಾತ್ಮ ನಾನೊಬ್ಬನೇ.

ಮುಧೋಳದ ನಾಯಿ ಎಂದರೆ ಸಾಮಾನ್ಯವೇ? ಅಲ್ಲಿನ ಘೋರ್ಪಡೆ ರಾಜರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟಿದ್ದರಂತೆ. ಅರಮನೆಯ ಹಿಂದೆ ಕೋಳಿಗಳಿದ್ದವೋ ಇಲ್ಲವೋ, ಇದ್ದಿದ್ದರೆ ಅವುಗಳ ಗತಿ ಏನಾಯಿತೋ. ಯಾಕೆಂದರೆ ಈ ಜಾತಿ ಮೂಸಿ ಬೇಟೆಯಾಡುವುದಲ್ಲ, ನೋಡಿ ಆಡುವುದು. ಕಣ್ಣೆದುರು ಏನಾದರೂ ಓಡಿದರೆ ಸಾಕು, ಕಾಲು ತನ್ನಷ್ಟಕ್ಕೆ ಹೊರಡುತ್ತದೆ. ಕೋಳಿಗಾದರೋ ದಿನವಿಡೀ ಓಡುವುದೇ ಕಸುಬು. ಕಾರಣವಿಲ್ಲದೆ ಓಡುವ ಪ್ರಾಣಿ ಲೋಕದಲ್ಲಿ ಎರಡೇ: ಒಂದು ಕೋಳಿ, ಇನ್ನೊಂದು ಲೋಕಲ್ ಹಿಡಿಯುವ ಮುಂಬಯಿಗ.

ನಮ್ಮ ಮೋತಿಗೆ ಅಂಥ ವಂಶಾವಳಿ ಇರಲಿಲ್ಲ. ಚೆಕ್‌ನಾಕಾದ ಬೀದಿಯಲ್ಲಿ ಸಿಕ್ಕಿದ ಮರಿ. ಆಗ ನಾವಿದ್ದದ್ದು ನದಿಯ ದಂಡೆಯ ಒಂದು ಚಾಳಿನಲ್ಲಿ. ದಹಿಸರ್‌ಗೆ ಒಂದು ನದಿಯಿದೆ ಎಂದರೆ ನೀವು ನಗಬಹುದು. ನಗಬೇಡಿ. ಅದು ನ್ಯಾಷನಲ್ ಪಾರ್ಕಿನ ತುಳಸಿ ಕೆರೆಯ ಕಡೆಯಿಂದ ಮದುಮಗಳ ಹಾಗೆ ಹೊರಡುತ್ತದೆ. ತಬೇಲಾಗಳ ಸೆಗಣಿ, ಊರಿನ ಕೊಳೆ ಎಲ್ಲವನ್ನೂ ಸೇರಿಸಿಕೊಂಡು ನಮ್ಮ ಮನೆಗೆ ಮುಟ್ಟುವಾಗ ಜನ ಅದನ್ನು ನಾಲಾ ಎನ್ನುತ್ತಾರೆ. ಆ ನಾಲಾದ ಗೋಡೆಗೂ ನಮ್ಮ ಹಿಂಬಾಗಿಲಿಗೂ ನಡುವೆ ನಾಲ್ಕು ಅಡಿ ಜಾಗ. ನಾನು ಮರ್ಯಾದೆಯಿಂದ ಅದನ್ನು ಹಿತ್ತಲು ಎನ್ನುತ್ತಿದ್ದೆ. ಪಕ್ಕದ ಖೋಲಿಯ ಮರಾಠಿ ಆಜಿ ಒಂದು ಹುಂಜ, ಮೂರು ಹೇಂಟೆ ಕೊಟ್ಟ ಮೇಲೆ ಅದು ನಿಜವಾಗಿಯೂ ಹಿತ್ತಲಾಯಿತು.

ಹುಂಜದ ಮೇಲೆ ಮೊದಲ ತಕರಾರು ಬಂದದ್ದು ನಾಯಿಯಿಂದಲ್ಲ, ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ನೆರೆಯವರಿಂದ. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡ ಅಜ್ಜಿಯ ಕಥೆಗೆ ನಾವು ಇಷ್ಟು ಕಾಲ ನಕ್ಕದ್ದೇ ನಕ್ಕದ್ದು. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಹುಂಜಗಳನ್ನು ಮಬ್ಬು ಬೆಳಕಿನಲ್ಲಿಟ್ಟು ನೋಡಿದಾಗ, ಅವು ಹೊರಗಿನ ಸೂರ್ಯನಿಗೆ ಕಾಯದೆ ಮೈಯೊಳಗಿನ ಗಡಿಯಾರ ನೋಡಿ ಕೂಗುತ್ತವೆ ಎಂದು ತಿಳಿಯಿತು. ಹಾಗಾದರೆ ಅಜ್ಜಿಯ ಹುಂಜಕ್ಕೆ ಬೆಳಗಿನ ಹಂಗೇ ಇರಲಿಲ್ಲ ಎಂದಾಯಿತು. ನಮ್ಮದರ ಗಡಿಯಾರ ಮೂರೂವರೆಗೇ ಹೊಡೆಯುತ್ತಿತ್ತು.

ಎಲ್ಲಿದ್ದೆ? ಹಾಂ, ನಾಯಿ.

ಮೋತಿಗೆ ಬುದ್ಧಿ ಕಲಿಸಿದ್ದು ನಾನಲ್ಲ. ಕಂದು ಹೇಂಟೆ ಮರಿ ಮಾಡಿದ್ದ ಸಮಯ. ಒಂದು ಮಧ್ಯಾಹ್ನ ಮೋತಿ ಬಾಲ ಆಡಿಸುತ್ತಾ ಹೂಮರಿಯೊಂದನ್ನು ಮೂಸಲು ಹೋಯಿತು. ಹೇಂಟೆ ಕತ್ತಿನ ಗರಿ ಕೆದರಿ, ರೆಕ್ಕೆ ನೆಲಕ್ಕೆ ಉಜ್ಜಿ, ಇದ್ದದ್ದಕ್ಕಿಂತ ಮೂರು ಪಾಲು ದೊಡ್ಡದಾಗಿ, ಮೂಗಿನ ತುದಿಗೇ ಒಂದು ಕುಕ್ಕಿತು. ಎಂಥ ಕುಕ್ಕು! ಒಂದು ಕೆಂಪು ಹನಿ ಮೂಡಿತು. ಮೋತಿ ಮಂಚದಡಿ ಸೇರಿದ್ದು ಸಂಜೆ ಚಹಾಕ್ಕೂ ಹೊರಬರಲಿಲ್ಲ.

ಆದರೆ ಭಾವ, ಇದನ್ನು ನಂಬಿ ಕೂರಬೇಡಿ. ಕೆಲವು ನಾಯಿಗಳು ಕುಕ್ಕಿಸಿಕೊಂಡು ಹೆದರುತ್ತವೆ, ಕೆಲವು ರೇಗುತ್ತವೆ. ಮೊದಲ ವಾರಗಳಲ್ಲಿ ಹಗ್ಗ ಬಿಚ್ಚಲೇಬೇಡಿ. ಕೋಳಿಗಳು ಮೇಯುವಾಗ ದೂರದಲ್ಲಿ ಕೂರಿಸಿ, ಸುಮ್ಮನೆ ಕೂತರೆ ಒಂದು ತುಂಡು ಏನಾದರೂ ಕೊಡಿ. ನಾಯಿ ಕೋಳಿಯನ್ನೇ ನೆಟ್ಟ ಕಣ್ಣಿನಿಂದ ನೋಡುತ್ತಾ ಮೈ ಬಿಗಿ ಮಾಡಿತೋ, ಎದ್ದು ಕರೆದುಕೊಂಡು ಹೋಗಿ. ಗೂಡಿಗೆ ತೆಳ್ಳನೆಯ ಕೋಳಿ ಜಾಲರಿ ಹೊಡೆದು ಮುಗಿಯಿತು ಅನ್ನಬೇಡಿ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ನಾಯಿ ಒಳಗೆ ಬಾರದಂತೆ ಅಲ್ಲ. ಬೆಸುಗೆಯ ದಪ್ಪ ಜಾಲರಿ ಬೇಕು, ಒಂದಡಿ ನೆಲದೊಳಗೂ ಇಳಿದಿರಬೇಕು, ನಾಯಿಗೆ ಉಗುರಿದೆಯಲ್ಲ. ಮತ್ತೆ ಊರಲ್ಲಿ ಸತ್ತ ಕೋಳಿಯನ್ನು ನಾಯಿಯ ಕುತ್ತಿಗೆಗೆ ಕಟ್ಟುವ ಮದ್ದೊಂದಿದೆ. ಅದು ಮದ್ದಲ್ಲ, ಹಿಂಸೆ. ನಾಯಿ ಅದರಿಂದ ಏನಾದರೂ ಕಲಿತರೆ ಕೊಳೆತ ವಾಸನೆಯ ರುಚಿ ಕಲಿತೀತು.

ಇಷ್ಟಕ್ಕೂ ದಹಿಸರ್‌ನಲ್ಲಿ ಕೋಳಿಗೆ ನಾಯಿ ದೊಡ್ಡ ಶತ್ರು ಅಲ್ಲವೇ ಅಲ್ಲ. ಕೇತಕಿಪಾಡಾದ ಗುಡ್ಡದ ಮೇಲಿನವರನ್ನು ಕೇಳಿ. ನಾಯಿ ಅಲ್ಲಿ ಕೋಳಿಯನ್ನು ಕಾಯುತ್ತದೆ, ನಾಯಿಯನ್ನು ಕಾಯುವವರು ಯಾರು? ಬೆನ್ನಿಗೇ 104 ಚದರ ಕಿಲೋಮೀಟರಿನ ಕಾಡು, ಕಾಡಿನಲ್ಲಿ ಚಿರತೆ. ಅವು ತಿನ್ನುವುದರಲ್ಲಿ ಸುಮಾರು ಶೇ. 40 ಭಾಗ ಬೀದಿನಾಯಿಯೇ ಎಂದು 2018ರಲ್ಲಿ ಬಂದ ಅಧ್ಯಯನವೊಂದು ಹೇಳಿತ್ತು. ಇನ್ನು ಕೋಳಿಗೆ ನನ್ನಂಥವನಿದ್ದೇನಲ್ಲ. ಭಾನುವಾರ ಕೋರಿ ರೊಟ್ಟಿ ಮುಗಿಸಿ, ಬೆರಳು ನೆಕ್ಕಿ, ನಾಯಿಗೆ ಅಹಿಂಸೆ ಬೋಧಿಸುವವನು. ಮೋತಿ ಆಗ ನನ್ನ ತಟ್ಟೆಯನ್ನೂ ಮುಖವನ್ನೂ ನೋಡುತ್ತಿದ್ದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೇಯಿಸಿದ ಮೂಳೆ ಸಿಗಿದು ಕರುಳಿಗೆ ಚುಚ್ಚುತ್ತದೆಂದು ಅದಕ್ಕೆ ಅದೂ ಇಲ್ಲ.

ನಾಯಿ-ಕೋಳಿಗಳ ನಿಜವಾದ ಸ್ನೇಹ ನಾನು ಕಂಡದ್ದು ಒಂದೇ ಸಲ. 2005ರ ಜುಲೈ 26, ಮಂಗಳವಾರ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಮಳೆ. ನಾನು ಫೋರ್ಟಿನ ಆಫೀಸಿಂದ ಹೊರಟವನು ಅಂಧೇರಿಯಲ್ಲಿ ಯಾರದೋ ಅಂಗಡಿಯ ಜಗಲಿಯಲ್ಲಿ ರಾತ್ರಿ ಕಳೆದು, ಮರುದಿನ ಹೈವೇ ಹಿಡಿದು ನಡೆದೇ ಬಂದೆ. ಮನೆಯೊಳಗೆ ಸೊಂಟದವರೆಗೆ ಕೆಸರಿನ ಗುರುತು. ತಲೆಯೆತ್ತಿದರೆ ಮಾಳಾದ, ಅಂದರೆ ಅಟ್ಟದ, ಮೇಲೆ ಹೆಂಡತಿ, ಅವಳ ಮಡಿಲಲ್ಲಿ ಹುಂಜ, ಕಾಲ ಬುಡದಲ್ಲಿ ಮೋತಿ, ಮೋತಿಯ ಒದ್ದೆ ಬೆನ್ನಿಗೆ ಒತ್ತಿಕೊಂಡು ಮೂರು ಹೇಂಟೆ. ಅಕ್ಕಿ ಡಬ್ಬದ ಪಕ್ಕ ಒಂದು ಮೊಟ್ಟೆ, ಅದರ ಪಕ್ಕ ಖಾಲಿ ಚಿಪ್ಪು ಒಂದು.

ಎರಡನೆಯ ಮೊಟ್ಟೆಯನ್ನು ಮೋತಿ ತಿಂದಿತು ಎಂಬುದು ಮನೆಯ ಅಧಿಕೃತ ಇತಿಹಾಸ. ಆದರೆ ನಾಯಿ ಕಚ್ಚಿದ ಮೊಟ್ಟೆಯ ಚಿಪ್ಪು ಪುಡಿಪುಡಿಯಾಗಿರುತ್ತದೆ. ಇದಕ್ಕೆ ಮೇಲ್ಗಡೆ ಬೆರಳಿನಷ್ಟಗಲದ ಒಂದು ಅಚ್ಚುಕಟ್ಟಾದ ತೂತು ಮಾತ್ರ ಇತ್ತು. ಸ್ಟವ್ ನೀರಿನಲ್ಲಿತ್ತು, ಮಧ್ಯಾಹ್ನದಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ, ಹಸಿ ಮೊಟ್ಟೆ ಕಂಡರೆ ಓಕರಿಕೆ ಎನ್ನುವವರು ಕೂಡ...

“ಫೋನು ಇಲ್ಲಿ ಕೊಡಿ,” ಒಳಗಿಂದ ಕೂಗು ಬಂತು. “ಅಣ್ಣನ ಹತ್ತಿರ ನನಗೂ ಸ್ವಲ್ಪ ಮಾತಾಡ್ಲಿಕ್ಕುಂಟು.”