ಮಸ್ಕಿಯ ಅಕ್ಕನಿಗೆ, ಆ ಡಬ್ಬಿಯ ಬಗ್ಗೆ

ಸಿಂಧನೂರಿನಿಂದ

ಅಕ್ಕ,

ನಿಮ್ಮ ಪತ್ರ ಎರಡು ಸಲ ಓದಿದೆ. ಯಜಮಾನರ ಲಿವರ್‌ನ ಗಡ್ಡೆ ತೆಗೆಸಿ ನಾಲ್ಕು ತಿಂಗಳಾಗಿದೆ. ‘ವಿಟಮಿನ್ ಎ ತಗೊಂಡರೆ ಮತ್ತ ಬರೂದಿಲ್ಲಂತ’ ಎಂದು ಲಿಂಗಸುಗೂರಿನ ನೆಂಟರು ಒಂದು ಡಬ್ಬಿ ಕ್ಯಾಪ್ಸೂಲ್ ತಂದಿಟ್ಟಿದ್ದಾರೆ. ಬೇಡ ಅಕ್ಕ, ಡಾಕ್ಟರಿಗೆ ತೋರಿಸದೆ ಅದನ್ನು ತೆರೆಯಬೇಡಿ.

ನೆಂಟರದು ಬರೀ ಗಾಳಿಮಾತಲ್ಲ. ಜಪಾನಿನ ಗಿಫು ವಿಶ್ವವಿದ್ಯಾಲಯದ ಮುಟೊ ಮತ್ತು ಸಂಗಡಿಗರು ಲಿವರ್ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿದ್ದ 89 ಮಂದಿಯನ್ನು ಗಮನಿಸಿ 1996ರಲ್ಲಿ ವರದಿ ಬರೆದರು. ವರ್ಷವಿಡೀ ಔಷಧ ನುಂಗಿದ 44 ಮಂದಿಯಲ್ಲಿ 12 ಜನರಿಗೆ, ಹುಸಿ ಮಾತ್ರೆ ಪಡೆದ 45 ಮಂದಿಯಲ್ಲಿ 22 ಜನರಿಗೆ ಗಡ್ಡೆ ಮತ್ತೆ ಕಾಣಿಸಿತು. ಓದಿದಾಗ ನನಗೂ ಆಸೆ ಹುಟ್ಟಿತ್ತು. ಆದರೆ ಅದು ಅಂಗಡಿಯ ವಿಟಮಿನ್ ಎ ಅಲ್ಲ. ಅದರ ದಾಯಾದಿಯಂಥ, ಅಣುವಿನಲ್ಲಿ ಉಂಗುರವೇ ಇಲ್ಲದ, ಪ್ರಯೋಗಾಲಯದಲ್ಲಿ ಕಟ್ಟಿದ ಪದಾರ್ಥ. ಮುಂದೆ ಪೆರೆಟಿನಾಯಿನ್ ಎಂಬ ಹೆಸರಿನಲ್ಲಿ ಅದನ್ನೇ ಹೆಪಟೈಟಿಸ್ ಸಿ ಇದ್ದ 401 ರೋಗಿಗಳ ಮೇಲೆ ಪರೀಕ್ಷಿಸಿದಾಗ, ಅಂದುಕೊಂಡ ಫಲ ಖಚಿತವಾಗಿ ಸಿಗಲಿಲ್ಲ.

ಇನ್ನು ಕ್ಯಾಪ್ಸೂಲಿನ ಮಾತು. ಮೈಯ ವಿಟಮಿನ್ ಎಗೆ ಲಿವರೇ ಹಗೇವು. ಹೆಚ್ಚಾದದ್ದು ಮೂತ್ರದಲ್ಲಿ ಹರಿದು ಹೋಗುವುದಿಲ್ಲ. ಅಲ್ಲೇ ಕೂಡುತ್ತ ಕೂಡುತ್ತ ಲಿವರನ್ನೇ ಗಾಸಿ ಮಾಡುತ್ತದೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಎ ಹನಿ ಹಾಕುವಾಗ ನೋಡಿದ್ದೀರಲ್ಲ? ಅಳತೆಯ ಚಮಚದಲ್ಲೇ, ಆರು ತಿಂಗಳಿಗೊಮ್ಮೆಯೇ. ಯಜಮಾನರದು ಮೊದಲೇ ನೊಂದ ಲಿವರ್.

ಅವರು ಬೀಡಿ ಬಿಟ್ಟಿಲ್ಲವೆಂದೂ ಬರೆದಿದ್ದೀರಿ. ಅಮೆರಿಕದಲ್ಲಿ ಧೂಮಪಾನಿಗಳಿಗೆ ಬೀಟಾ ಕೆರೋಟಿನ್ ಜೊತೆ ವಿಟಮಿನ್ ಎ ಕೊಟ್ಟು ನೋಡಿದ ಅಧ್ಯಯನವೊಂದರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಿತು. 1996ರಲ್ಲೇ ಅದನ್ನು ನಡುವೆ ನಿಲ್ಲಿಸಿದರು.

ಪುಂಡಿಪಲ್ಯ, ನುಗ್ಗೆಸೊಪ್ಪು, ಗಜ್ಜರಿ ಎಂದಿನಂತೆ ಉಣ್ಣಲಿ, ಅದಕ್ಕೆ ಅಂಜಿಕೆ ಬೇಡ. ಶೇಂಗಾ ಹುರಿಯುವ ಮುನ್ನ ಮಾತ್ರ ಮೊರದಲ್ಲಿ ಹರಡಿ, ಬೂಸ್ಟು ಹಿಡಿದ, ಕಪ್ಪಿಟ್ಟ, ಮುರುಟಿದ ಕಾಳುಗಳನ್ನು ಆರಿಸಿ ಚೆಲ್ಲಿ. ಆ ಬೂಸ್ಟಿನ ಅಫ್ಲಾಟಾಕ್ಸಿನ್ ಲಿವರ್ ಕ್ಯಾನ್ಸರಿಗೆ ದಾರಿ ಮಾಡುವ ವಿಷ. ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ.

ಹೆಪಟೈಟಿಸ್ ಬಿ ಇದೆಯೇ ಎಂದು ಹಳೆಯ ರಿಪೋರ್ಟಿನಲ್ಲಿ ನೋಡಿದಿರಾ? ಇದ್ದರೆ ವೈರಸ್ ಅಡಗಿಸುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ. ಕಾಯಿಲೆ ಮರುಕಳಿಸುವುದನ್ನು ತಗ್ಗಿಸುವ ಬಲ ಅದಕ್ಕಿದೆ. ಈ ಗಡ್ಡೆ ಮರಳುವುದು ಅಪರೂಪವಲ್ಲ, ಅದಕ್ಕೇ ಡಾಕ್ಟರು ಸ್ಕ್ಯಾನಿಗೂ ರಕ್ತಪರೀಕ್ಷೆಗೂ ಮತ್ತೆ ಮತ್ತೆ ಕರೆಯುವುದು. ನಾಟಿ ಇದೆ, ಜಾತ್ರೆ ಇದೆ ಎಂದು ಮುಂದಕ್ಕೆ ಹಾಕಬೇಡಿ. ಸಣ್ಣದಿರುವಾಗಲೇ ಕಂಡರೆ ಮಾಡಲು ಬಹಳ ಇದೆ.

ಹೋಗುವ ದಿನ ರಿಪೋರ್ಟಿನ ಜೊತೆ ಆ ಡಬ್ಬಿಯನ್ನೂ ಕೈಚೀಲದಲ್ಲಿ ಹಾಕಿಕೊಳ್ಳಿ. ಬಂದ ಮೇಲೆ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

ನಿಮ್ಮ ತಮ್ಮ