ಶೂನ್ಯ ಮೈಲಿಯ ಊರಿನಲ್ಲಿ ದೂರದ ಲೆನ್ಸು

ನಾಗಪುರಕ್ಕೆ ಬಂದ ನೆಂಟರನ್ನು ನಾವು ಮೊದಲು ಕರೆದೊಯ್ಯುವುದು ಸೀತಾಬರ್ಡಿಯ ಕಡೆಗೆ. ಅಲ್ಲಿ ಮರಳುಗಲ್ಲಿನ ಒಂದು ಕಂಬವಿದೆ. ಜೊತೆಗೆ ನಾಲ್ಕು ಗಾರೆಯ ಕುದುರೆಗಳಿವೆ. ಅದೇ ಶೂನ್ಯ ಮೈಲಿಯ ಕಲ್ಲು. ಭರತಖಂಡದ ನಟ್ಟನಡು ಇದೇ ಎಂದು ಊರಿನವರಿಗೆ ಹೆಮ್ಮೆ. ಆ ಲೆಕ್ಕಕ್ಕೆ ತಕರಾರು ಹೇಳುವವರೂ ಇದ್ದಾರೆ. ನಮಗಂತೂ ಆ ಕಂಬದ ಮುಂದೆ ನಿಂತಾಗ ಲ್ಯಾಂಬ್ಟನ್ ಸಾಹೇಬನ ನೆನಪಾಗುತ್ತದೆ. ವಿಲಿಯಂ ಲ್ಯಾಂಬ್ಟನ್ ಎಂಬ ಈ ಸೇನಾಧಿಕಾರಿ ೧೮೦೦ರಲ್ಲಿ ಬೆಂಗಳೂರಿನ ಹತ್ತಿರ ನೆಲದ ಮೇಲೆ ಸರಪಳಿ ಹಿಡಿದು ಒಂದು ನೇರ ಗೆರೆಯನ್ನು ಅಳೆದ. ಗೆರೆಯ ಎರಡು ತುದಿಗಳಿಂದಲೂ ದೂರದ ಗುಡ್ಡವೊಂದನ್ನು ನೋಡಿ ಕೋನಗಳನ್ನು ಗುರುತಿಸಿಕೊಂಡರೆ, ಗುಡ್ಡದವರೆಗೆ ನಡೆಯದೆಯೇ ಅದರ ದೂರ ತಿಳಿಯುತ್ತದೆ. ೧೮೦೨ರಲ್ಲಿ ಮದರಾಸಿನಲ್ಲಿ ಆರಂಭವಾದ ದೊಡ್ಡ ಮೋಜಣಿ ಹೀಗೆಯೇ ತ್ರಿಕೋನದ ಪಕ್ಕಕ್ಕೆ ತ್ರಿಕೋನವನ್ನು ಹೆಣೆಯುತ್ತ ಉತ್ತರಕ್ಕೆ ಸಾಗಿತು. ೧೮೨೩ರ ಜನವರಿಯಲ್ಲಿ ಲ್ಯಾಂಬ್ಟನ್ ಹೈದರಾಬಾದಿನಿಂದ ನಾಗಪುರಕ್ಕೆ ಬರುತ್ತಿದ್ದಾಗ ದಾರಿಯಲ್ಲಿ ಹಿಂಗಣಘಾಟದಲ್ಲಿ ತೀರಿಕೊಂಡ. ಕನ್ನಡದ ನೆಲದಲ್ಲಿ ಕೆಲಸ ಕಲಿತು ನಾಗಪುರದ ದಾರಿ ಹಿಡಿದವರಲ್ಲಿ ನಾವೇ ಮೊದಲಿಗರಲ್ಲವೆಂದು ನಗೆಯಾಡುವುದುಂಟು.

ಫೋಟೋದ ವಿಷಯ ಹೇಳಹೊರಟು ಮೋಜಣಿಯನ್ನೇಕೆ ತಂದಿರಿ ಎಂದು ಓದುಗರು ಕೇಳಬಹುದು. ನಾವು ಈ ಚಳಿಗಾಲದಲ್ಲಿ ಹೆಗಲಿಗೆ ಹಾಕಿಕೊಂಡು ತಿರುಗಿದ ರೇಂಜ್‌ಫೈಂಡರ್ ಕ್ಯಾಮರಾ ಮಾಡುವುದೂ ಅದೇ ಕೆಲಸವನ್ನೇ. ಅದರ ನೆತ್ತಿಯಲ್ಲಿ ಎರಡು ಕಿಟಕಿಗಳಿವೆ. ಎರಡೂ ಒಂದೇ ವಸ್ತುವನ್ನು ಸ್ವಲ್ಪ ಬೇರೆ ಬೇರೆ ಕಡೆಯಿಂದ ನೋಡುತ್ತವೆ. ಕಣ್ಣಿಟ್ಟರೆ ನಡುವಿನ ಬೆಳಕಿನ ಚೌಕದಲ್ಲಿ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸನ್ನು ತಿರುಗಿಸುತ್ತ ಹೋದರೆ ಒಂದು ಜಾಗದಲ್ಲಿ ಎರಡೂ ಒಂದಾಗುತ್ತವೆ. ಅಲ್ಲಿಗೆ ದೂರ ಸಿಕ್ಕಿತು, ಚಿತ್ರ ಸ್ಫುಟವಾಯಿತು. ಲ್ಯಾಂಬ್ಟನ್ನನ ಗೆರೆ ಮೈಲಿಗಟ್ಟಲೆ ಉದ್ದ. ಇದರದು ಎರಡು ಕಿಟಕಿಗಳ ನಡುವಿನ ೬೯ ಮಿಲಿಮೀಟರ್ ಮಾತ್ರ.

ಕ್ಯಾಮರಾ ನಮ್ಮದಲ್ಲ. ಪುಣೆಯಲ್ಲಿರುವ ಭಾವನ ಮಗ ಯಾರಿಂದಲೋ ಕೊಂಡ ಲೈಕಾ ಎಂ-೯, ೨೦೦೯ರಲ್ಲಿ ಬಂದ ಡಿಜಿಟಲ್ ಮಾದರಿ. ಲೆನ್ಸುಗಳು ಮಾತ್ರ ನಮ್ಮ ಮನೆಯವು. ಅಜ್ಜ ಧಾರವಾಡದಿಂದ ಬಂದು ಇಲ್ಲಿ ರೈಲ್ವೆ ಸೇರಿದವರು. ಮುಂಬಯಿಯಲ್ಲಿ ಹಳೆಯ ಸಾಮಾನಿನವರ ಬಳಿ ಒಂದೊಂದಾಗಿ ಮೂರು ಲೆನ್ಸು ಕೂಡಿಸಿದ್ದರು. ೧೯೬೭ರಲ್ಲಿ ಅತ್ತೆಯ ಮದುವೆಗೆ ಕ್ಯಾಮರಾ ಮಾರಾಟವಾಯಿತು. ಲೆನ್ಸುಗಳನ್ನು ಕೇಳುವವರಿರಲಿಲ್ಲ, ಉಳಿದವು. ಅವುಗಳಲ್ಲೊಂದು ಕಾರವಾರದ ಚಿಕ್ಕಜ್ಜನ ಮನೆಗೆ ಹೋಗಿ, ಚರ್ಮದ ಚೀಲದೊಳಗೆ ಮಳೆಗಾಲದ ಮೇಲೆ ಮಳೆಗಾಲ ಕಳೆದು, ಗಾಜಿನೊಳಗೆ ಜೇಡರಬಲೆಯಂತೆ ಬೂಷ್ಟು ಹಬ್ಬಿ ಕೆಟ್ಟಿತು. ಇನ್ನೆರಡು ನಾಗಪುರದ ಟ್ರಂಕಿನಲ್ಲಿದ್ದವು. ಮೇ ತಿಂಗಳಲ್ಲಿ ೪೫ ಡಿಗ್ರಿ ದಾಟುವ ಈ ಊರಿನ ಬಿಸಿಲನ್ನು ಬಯ್ಯದವರಿಲ್ಲ. ಅವೆರಡನ್ನು ಕಾಪಾಡಿದ್ದು ಆ ಒಣ ಬಿಸಿಲೇ ಎಂದು ನಮ್ಮ ನಂಬಿಕೆ.

ಉಳಿದವು ೯ ಸೆಂಟಿಮೀಟರಿನ ಎಲ್ಮಾರ್ ಮತ್ತು ೧೩.೫ ಸೆಂಟಿಮೀಟರಿನ ಹೆಕ್ಟರ್. (ಹೆಕ್ಟರ್ ಎಂಬುದು ಲೆನ್ಸು ರೂಪಿಸಿದ ಮ್ಯಾಕ್ಸ್ ಬೆರೆಕ್ ಅವರ ನಾಯಿಯ ಹೆಸರಂತೆ.) ಎರಡನ್ನೂ ಮಾರಿಬಿಡೋಣವೆಂದು ಅಂಗಡಿಯೊಂದಕ್ಕೆ ಒಯ್ದರೆ, ಕಾಗದ ಹಾರದಂತೆ ಇಡಲು ಚೆನ್ನಾಗಿವೆ ಎಂದರು ಅಂಗಡಿಯವರು. ಮಾಮಾ ಅಂದು ಊಟವನ್ನೇ ಸರಿಯಾಗಿ ಮಾಡಲಿಲ್ಲ. ಅಜ್ಜನ ಜೊತೆ ಕ್ಯಾಮರಾ ಚೀಲ ಹೊತ್ತವರು ಅವರು. ಈಗ ಎಂಬತ್ತು ದಾಟಿದ್ದಾರೆ. ಬಲಗಣ್ಣಿನ ಪೊರೆ ತೆಗೆಸಿದ್ದಾಗಿದೆ, ಎಡಗಣ್ಣು ಮಂಜು. "ಒಮ್ಮೆ ಹಚ್ಚಿ ನೋಡೋಣು. ನಡೀಲಿಲ್ಲಂದ್ರ ಮಾರ್ರಿ, ನಾ ಏನೂ ಅನ್ನೂದಿಲ್ಲ" ಎಂದರು.

ಹಚ್ಚುವುದು ಸುಲಭ. ಹಳೆಯ ಲೆನ್ಸು ತಿರುಪಿನದು, ೧೯೫೪ರ ಎಂ-೩ ಮಾದರಿಯಿಂದ ಈಚಿನ ಕ್ಯಾಮರಾ ಬೇರೆ ಹಿಡಿಕೆಯದು. ಆದರೆ ತಯಾರಿಸಿದವರು ಹಳೆಯ ಗಿರಾಕಿಗಳನ್ನು ಮರೆಯಲಿಲ್ಲ. ನಡುವೆ ಒಂದೇ ಮಿಲಿಮೀಟರ್ ದಪ್ಪದ ಬಳೆ ಸೇರಿಸಿದರೆ ಲೆನ್ಸು ಸರಿಯಾದ ದೂರಕ್ಕೆ ಕೂರುವಂತೆ ಲೆಕ್ಕ ಹಾಕಿದ್ದರು. ಬಳೆ ಕೊಳ್ಳುವಾಗ ಲೆನ್ಸಿನ ಅಳತೆ ಹೇಳಿ ಕೊಳ್ಳಬೇಕು. ಇಲ್ಲವಾದರೆ ಕಿಟಕಿಯಲ್ಲಿ ಬೇರೆಯದೇ ಚೌಕಟ್ಟು ಮೂಡುತ್ತದೆ.

ಕಷ್ಟ ಇರುವುದು ಆಮೇಲೆ. ಸಾಮಾನ್ಯವಾಗಿ ಟೆಲಿಫೋಟೋ ಎಂದರೆ ದೂರದ್ದು ಕಣ್ಣೆದುರಿಗೇ ಬಂದು ನಿಲ್ಲಬೇಕೆಂದು ಜನರ ಎಣಿಕೆ. ಇಲ್ಲಿ ಹಾಗಾಗುವುದಿಲ್ಲ. ನಾವು ನೋಡುವುದು ಲೆನ್ಸಿನ ಮೂಲಕವಲ್ಲ, ಪಕ್ಕದ ಕಿಟಕಿಯ ಮೂಲಕ. ಹೆಕ್ಟರ್ ಹಾಕಿದರೂ ದೂರದ್ದು ದೂರದಲ್ಲೇ ಇರುತ್ತದೆ. ಕಿಟಕಿಯ ನಡುವೆ ಅಂಚೆಚೀಟಿಯಷ್ಟು ಚೌಕಟ್ಟು ಮೂಡುತ್ತದೆ, ಅಷ್ಟೆ. ಮೇಲಾಗಿ ಎಂ-೯ರ ಕಿಟಕಿ ವಸ್ತುವನ್ನು ೦.೬೮ರಷ್ಟು ಚಿಕ್ಕದು ಮಾಡಿ ತೋರಿಸುವುದರಿಂದ ೬೯ ಮಿಲಿಮೀಟರಿನ ಆಧಾರರೇಖೆ ೪೭ಕ್ಕೆ ಇಳಿದಂತೆ. ಎಂ-೩ರಲ್ಲಿ ಅದು ೬೩ರಷ್ಟಿತ್ತು. ಗೆರೆ ಗಿಡ್ಡವಾದಷ್ಟೂ ಮೋಜಣಿ ಸಡಿಲ. ಲೆನ್ಸು ಉದ್ದವಾದಷ್ಟೂ ತಪ್ಪಿಗೆ ಕ್ಷಮೆ ಕಡಿಮೆ: ಹೆಕ್ಟರನ್ನು ಪೂರ್ತಿ ತೆರೆದು, ಎಫ್ ೪.೫ರಲ್ಲಿ, ಮೂರು ಮೀಟರಿನ ದೂರದಲ್ಲಿ ಚಿತ್ರ ತೆಗೆದರೆ ಸ್ಫುಟವಾಗಿ ಬರುವ ಆಳ ಒಂದು ಗೇಣೂ ಇಲ್ಲ. ಈ ಕಾರಣದಿಂದಲೇ ಚೌಕಟ್ಟುಗಳು ೧೩.೫ಕ್ಕೆ ನಿಂತಿವೆ. ಅದಕ್ಕಿಂತ ಉದ್ದದ ಲೆನ್ಸುಗಳಿಗೆ ಕನ್ನಡಿಯ ಪೆಟ್ಟಿಗೆಯೊಂದನ್ನು ಬೇರೆಯಾಗಿ ಮಾರುತ್ತಿದ್ದರು.

ಮೊದಲು ಫುಟಾಳಾ ಕೆರೆಗೆ ಹೋದೆವು. ಬೆಳಗಿನ ಮಂಜು, ನೀರಿನ ಮೇಲೆ ಹಕ್ಕಿಗಳು. ಒಂದೂ ದಕ್ಕಲಿಲ್ಲ. ನೀರಿಗೆ ಅಂಚಿಲ್ಲ, ಹಾರುವ ಹಕ್ಕಿ ಚೌಕದಲ್ಲಿ ನಿಲ್ಲುವುದಿಲ್ಲ. ಹಕ್ಕಿಗಳ ಹುಚ್ಚಿರುವವರು ಈ ಗೋಜಿಗೇ ಹೋಗದೆ ಕನ್ನಡಿಯ ಕ್ಯಾಮರಾ ಕೊಳ್ಳುವುದು ಮೇಲು. ದೀಕ್ಷಾಭೂಮಿಯ ಹೊರಗೆ ರಸ್ತೆಯಿಂದ ಎಲ್ಮಾರಿನಲ್ಲಿ ತೆಗೆದ ಚಿತ್ರಗಳು ಚೆನ್ನಾಗಿ ಬಂದವು. ೧೯೫೬ರ ಅಕ್ಟೋಬರ್ ೧೪ರಂದು ಅಂಬೇಡ್ಕರರು ಬೌದ್ಧಧರ್ಮ ಸ್ವೀಕರಿಸಿದ ಆ ನೆಲದಲ್ಲಿ ಈಗ ಬಿಳಿಯ ಸ್ತೂಪವಿದೆ. ಗುಮ್ಮಟದ ಬಿಳುಪು ಹಳೆಯ ಗಾಜಿನಲ್ಲಿ ಹಾಲಿನಂತೆ ಮೃದುವಾಗಿ ಮೂಡಿತು. ಆದರೆ ಸೂರ್ಯ ಎದುರಿಗಿದ್ದರೆ ಇಡೀ ಚಿತ್ರಕ್ಕೆ ಹೊಗೆ ಕವಿದಂತಾಗುತ್ತದೆ. ಅಂದಿನ ಗಾಜಿನ ಲೇಪ ತೆಳು. ಲೆನ್ಸಿನ ಮೂತಿಗೆ ಮರೆ ಬೇಕೇ ಬೇಕು.

ಹೆಕ್ಟರಿನ ಪರೀಕ್ಷೆ ಆದದ್ದು ರಾಮಟೇಕಿನಲ್ಲಿ. ನಾಗಪುರದಿಂದ ಈಶಾನ್ಯಕ್ಕೆ ಸುಮಾರು ೫೦ ಕಿಲೋಮೀಟರ್. ಮೇಘದೂತದ ರಾಮಗಿರಿ ಇದೇ ಎಂದು ನಾಗಪುರದ ವಿದ್ವಾಂಸ ವಾಸುದೇವ ವಿಷ್ಣು ಮಿರಾಶಿಯವರು ವಾದಿಸಿದ್ದರು. ಬೆಟ್ಟದ ಮೇಲೆ ಕೋಟೆಗೋಡೆಯ ನಡುವೆ ರಾಮನ ಗುಡಿ, ವಾಕಾಟಕರ ಕಾಲದ ನರಸಿಂಹ ಗುಡಿಗಳು, ಕೆಳಗೆ ಗುಡಿಗಳು ಸುತ್ತುವರಿದ ಅಂಬಾಳಾ ಕೆರೆ. ಗೋಡೆಯ ಮೇಲೆಲ್ಲ ಮುಸುವಗಳು. ಮಾಮಾ ಕೈಹಿಡಿಸಿಕೊಂಡು ಮೆಟ್ಟಿಲು ಹತ್ತಿದರು. ಮಗಳನ್ನು ಮೇಲಿನ ಮೆಟ್ಟಿಲಿನ ಮೇಲೆ, ಬೆನ್ನು ಅರ್ಧ ತಿರುಗಿಸಿ ನಿಲ್ಲಿಸಿದೆವು. ಅವಳದು ಒಂದೇ ಉದ್ದ ಜಡೆ. ರೇಂಜ್‌ಫೈಂಡರಿಗೆ ಬೇಕಾದದ್ದು ಅಂಥ ನೆಟ್ಟಗಿನ ಗೆರೆಯೇ: ದೀಪದ ಕಂಬ, ಬಾಗಿಲ ಚೌಕಟ್ಟು, ಸೀರೆಯ ಅಂಚು. ಎಲೆಗಳ ರಾಶಿಯಲ್ಲಿ ಕಣ್ಣು ಸೋಲುತ್ತದೆ.

ಮಾಮಾ ಬಲಗಣ್ಣಿಟ್ಟು ಬಳೆ ತಿರುಗಿಸತೊಡಗಿದರು. ಬಹಳ ಹೊತ್ತಾಯಿತು. ಮಗಳು ಕಾಲು ಬದಲಿಸಿದಳು, ಮುಸುವವೊಂದು ನಮ್ಮ ಚೀಲದ ಕಡೆ ಇಳಿಯಿತು. ನಮಗೆ ಅವರಿಗೆ ಏನೂ ಕಾಣುತ್ತಿಲ್ಲವೆಂದೇ ಅನ್ನಿಸಿ, ಕೇಳುವುದು ಹೇಗೆಂದು ಸುಮ್ಮನಿದ್ದೆವು. ಆಗ ಅವರೇ, "ಎರಡು ಜಡಿ ಇದ್ದವು, ಈಗ ಒಂದಾತು ನೋಡ್ರಪಾ" ಎಂದರು. ಆದರೂ ಒತ್ತಲಿಲ್ಲ. ಚೌಕಟ್ಟಿನ ಹೊರಗೂ ಕಾಣುವುದು ಈ ಕ್ಯಾಮರಾದ ದೊಡ್ಡ ಗುಣ. ಎಡಗಡೆಯಿಂದ ಬುಟ್ಟಿ ಹೊತ್ತ ಹೆಂಗಸೊಬ್ಬಳು ಇಳಿಯುತ್ತಿದ್ದುದನ್ನು ಅವರು ಕಂಡಿದ್ದರು. ಅವಳು ಒಳಗೆ ಬಂದ ಕ್ಷಣಕ್ಕೆ ಒತ್ತಿದರು.

ಬೆನ್ನಿನ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ, ಸ್ಫುಟತೆ ಜಡೆಗಿಂತ ಒಂದು ಮೆಟ್ಟಿಲು ಮುಂದೆ ಬಿದ್ದಿತ್ತು. ಕಣ್ಣಿನ ದೋಷವಲ್ಲ, ನಾವು ತೆಗೆದಾಗಲೂ ಅಷ್ಟೇ ಮುಂದೆ. ಇಷ್ಟು ವರ್ಷದ ಹಳೆಯ ಲೆನ್ಸು ಈ ಕ್ಯಾಮರಾಕ್ಕೆ ಕೂದಲೆಳೆಯಷ್ಟು ಹೊಂದುವುದಿಲ್ಲ. ಅಜ್ಜನ ಕಾಲದಲ್ಲಾಗಿದ್ದರೆ ಫಿಲ್ಮು ತೊಳೆದು ಬರುವವರೆಗೆ ತಿಳಿಯುತ್ತಿರಲಿಲ್ಲ. ಈಗ ಅಲ್ಲಿಯೇ ತಿಳಿಯುತ್ತದೆ. ಎಫ್ ೮ಕ್ಕೆ ಮುಚ್ಚಿ, ಸೆಕೆಂಡಿನ ೨೫೦ನೆಯ ಒಂದು ಭಾಗ ಇಟ್ಟು ಮತ್ತೆ ತೆಗೆದರು. ಜಡೆ, ಬುಟ್ಟಿಯವಳ ಮುಖ, ಹಿಂದಿನ ಕಲ್ಲು ಎಲ್ಲವೂ ಬಂದವು.

ಲೆನ್ಸುಗಳು ಮಾರಾಟಕ್ಕಿಲ್ಲ. ಚರ್ಮದ ಚೀಲ ತೇವ ಹಿಡಿಯುತ್ತದೆಂದು ಅದನ್ನು ಬೇರೆ ಇಟ್ಟು, ಲೆನ್ಸುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟಿದ್ದೇವೆ. ಮಳೆಗಾಲದಲ್ಲಿ ನಾಗಪುರವೂ ಒಣ ಊರಲ್ಲ. ನಿಮ್ಮ ಮನೆಯ ಟ್ರಂಕಿನಲ್ಲಿಯೂ ಅಂಥದೊಂದಿದ್ದರೆ ಒಂದು ಕಡೆಯಿಂದ ಬ್ಯಾಟರಿ ಬಿಟ್ಟು ಇನ್ನೊಂದು ಕಡೆಯಿಂದ ನೋಡಿರಿ. ಬಲೆ ಕಂಡರೆ ತಡಮಾಡದೆ ತಿಳಿದವರ ಕೈಗೆ ಕೊಡಿರಿ, ಉಳಿದ ಲೆನ್ಸುಗಳಿಂದ ದೂರವಿಡಿರಿ.

ರಾಮಟೇಕಿನ ಚಿತ್ರವನ್ನು ಅಚ್ಚು ಹಾಕಿಸಿ ತಂದ ಸಂಜೆ ಮಾಮಾ ಪೆನ್ಸಿಲು ಕೇಳಿದರು. ಅಜ್ಜ ಎಲ್ಲ ಫೋಟೋಗಳ ಬೆನ್ನಿಗೂ ದೂರ ಬರೆದಿಡುತ್ತಿದ್ದರು. ಇದರ ಬೆನ್ನಿಗೆ, ಅಕ್ಷರ ಸ್ವಲ್ಪ ಓರೆಯಾಗಿ, 'ರಾಮಟೇಕ್, ೪೦ ಅಡಿ' ಎಂದು ಬರೆದು ಆಲ್ಬಮಿನೊಳಗಿಟ್ಟರು.